ವಿಮಾನ ಸಂಸ್ಥೆಗೆ ಸಬ್ಬತ್ ಉಂಟೆ?

ಇಸ್ರೇಲಿನ ಎಲ್ ಆಲ್ ವಿಮಾನ ಸಂಸ್ಥೆ ಶುಕ್ರವಾರ ಹೊತ್ತು ಮುಳುಗುವ ಮೊದಲೇ ತನ್ನ ವಿಮಾನಗಳನ್ನು ನೆಲಕ್ಕಿಳಿಸುತ್ತದೆ. ಶನಿವಾರ ರಾತ್ರಿ ನಕ್ಷತ್ರಗಳು ಮೂಡಿದ ಮೇಲಷ್ಟೇ ಅವು ಮತ್ತೆ ಪ್ರಯಾಣಿಕರನ್ನು ಹೊತ್ತು ಏಳುತ್ತವೆ. ಖಂಡಾಂತರ ಮಾರ್ಗಗಳ ಬೋಯಿಂಗ್ 787, 777 ವಿಮಾನಗಳಿಗೂ ಯುರೋಪಿನ ಹತ್ತಿರದ ಊರುಗಳಿಗೆ ಹೋಗುವ 737 ವಿಮಾನಗಳಿಗೂ ಇದೇ ನಿಯಮ. ವಾರ್ಷಿಕ ಹಬ್ಬದ ದಿನಗಳಿಗೂ ಇದು ಅನ್ವಯಿಸುತ್ತದೆ. ಆದರೆ ಟೆಲ್ ಅವೀವ್ ಬಳಿಯ ಬೆನ್ ಗುರಿಯನ್ ವಿಮಾನ ನಿಲ್ದಾಣ ಶನಿವಾರ ಮುಚ್ಚುವುದಿಲ್ಲ. ವಿದೇಶಿ ವಿಮಾನಗಳು ಬಂದು ಹೋಗುತ್ತಿರುತ್ತವೆ. ಅರ್ಕಿಯಾ, ಇಸ್ರಏರ್ ಎಂಬ ಇಸ್ರೇಲಿನದೇ ಸಂಸ್ಥೆಗಳೂ ಹಾರುತ್ತವೆ. ನಿಲ್ಲುವುದು ದೇಶದ ಹೆಸರು ಹೊತ್ತ ಸಂಸ್ಥೆ ಮಾತ್ರ.

ಯೆಹೂದ್ಯರ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತನ್ನು ಆಚರಿಸುವವನು ಮನುಷ್ಯ. ಅವನಿಗೆ ದಣಿವಿದೆ, ಸಂಕಲ್ಪವಿದೆ, ಆಜ್ಞೆಯನ್ನು ಮೀರುವ ಸ್ವಾತಂತ್ರ್ಯವೂ ಇದೆ. ಕಂಪನಿಗೆ ಇವೊಂದೂ ಇಲ್ಲ. ಹಾಗಿರುವಾಗ ಒಂದು ಸಂಸ್ಥೆ ಸಬ್ಬತ್ ಪಾಲಿಸುತ್ತದೆ ಎಂದರೆ ಪಾಲಿಸುತ್ತಿರುವವರು ಯಾರು? ಪೈಲಟ್ಟೆ, ಪ್ರಯಾಣಿಕನೆ, ಮಾಲೀಕನೆ, ಅಥವಾ ಆ ವಿಮಾನದ ಬಾಲದ ಮೇಲೆ ತನ್ನ ಧ್ವಜವನ್ನು ಕಾಣುವ ಇಡೀ ಜನಾಂಗವೆ? ಎಲ್ ಆಲ್‌ನ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಸಚಿವ ಸಂಪುಟ, ರಬ್ಬಿಗಳ (ಯೆಹೂದಿ ಧರ್ಮಗುರುಗಳ) ಪೀಠ, ಕಾರ್ಮಿಕರ ಮುಷ್ಕರ, ಷೇರು ಮಾರುಕಟ್ಟೆ ಎಲ್ಲವನ್ನೂ ಹಾದು ಬಂದಿದೆ.

ಮೂಲ ಆಜ್ಞೆಯಿಂದಲೇ ಹೊರಡಬೇಕು. ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಬರುವ ಸಬ್ಬತ್ತಿನ ಆಜ್ಞೆ ಒಬ್ಬಂಟಿ ಭಕ್ತನಿಗೆ ಹೇಳಿದ್ದಲ್ಲ, ಮನೆಯ ಯಜಮಾನನಿಗೆ ಹೇಳಿದ್ದು. ಅವನ ಮಗ, ಮಗಳು, ಆಳು, ದಾಸಿ, ದನಕರು, ಊರಬಾಗಿಲೊಳಗೆ ನೆಲೆಸಿರುವ ಪರದೇಶಿ, ಇವರೆಲ್ಲರೂ ಅಂದು ದುಡಿಮೆಯಿಂದ ಬಿಡುಗಡೆ ಪಡೆಯಬೇಕು. ಅಲ್ಲಿ ಕೊಟ್ಟಿರುವ ಕಾರಣ ಸೃಷ್ಟಿಯ ಏಳನೆಯ ದಿನ. ಧರ್ಮೋಪದೇಶಕಾಂಡ ಅದೇ ಆಜ್ಞೆಯನ್ನು ಮತ್ತೆ ಹೇಳುವಾಗ ಕಾರಣವನ್ನು ಬದಲಿಸುತ್ತದೆ: ಐಗುಪ್ತದಲ್ಲಿ ಗುಲಾಮರಾಗಿದ್ದುದನ್ನು ನೆನೆಯಬೇಕು, ಆದ್ದರಿಂದ ಆಳುಗಳಿಗೂ ಬಿಡುವು ಸಿಗಬೇಕು. ಒಂದು ಕಾರಣ ದೇವರ ಕಡೆಗೆ ನೋಡುತ್ತದೆ, ಇನ್ನೊಂದು ದುಡಿಯುವವನ ಕಡೆಗೆ. ವಿಮಾನ ಸಂಸ್ಥೆಯ ವಿವಾದದಲ್ಲಿ ಮೊದಲನೆಯ ಕಾರಣ ಮೇಲಿಂದ ಮೇಲೆ ಕೇಳಿಬಂದಿದೆ. ಎರಡನೆಯದು ಹೆಚ್ಚು ಬಲವಾದ ಆಧಾರವಾಗಿದ್ದರೂ ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಹೊರಗಿನವರ ಪ್ರಶ್ನೆಯೂ ಇದರೊಳಗೇ ಇದೆ. ಮಂಗಳೂರು, ಉಡುಪಿ ಕಡೆಯಿಂದ ಹೋಗಿ ಇಸ್ರೇಲಿನ ಮನೆಗಳಲ್ಲಿ ವೃದ್ಧರ ಆರೈಕೆ ಮಾಡುತ್ತಿರುವವರು ಆ ಊರಬಾಗಿಲೊಳಗಿನ ಪರದೇಶಿಗಳೇ. ಯೆಹೂದ್ಯನಲ್ಲದವನು ತಾನಾಗಿ ಮಾಡಿದ ಕೆಲಸದ ಫಲವನ್ನು ಸಬ್ಬತ್ತಿನಂದು ಎಷ್ಟರಮಟ್ಟಿಗೆ ಪಡೆಯಬಹುದು ಎಂಬ ಬಗ್ಗೆ ಯೆಹೂದಿ ಧರ್ಮಶಾಸ್ತ್ರದಲ್ಲಿ ಸಾಕಷ್ಟು ಸೂಕ್ಷ್ಮವಾದ ಚರ್ಚೆ ಬೆಳೆದಿದೆ.

ಸಬ್ಬತ್ತಿನಲ್ಲಿ ನಿಷಿದ್ಧವಾದದ್ದು ಆಯಾಸವಲ್ಲ, ಕೆಲಸ. ಕೆಲಸವೆಂದರೇನು ಎಂಬುದನ್ನು ಮಿಷ್ನಾ ಎಂಬ ಪ್ರಾಚೀನ ಯೆಹೂದಿ ಧರ್ಮಶಾಸ್ತ್ರ ಗ್ರಂಥ 39 ವಿಧಗಳಾಗಿ ವಿಂಗಡಿಸಿದೆ: ಉಳುವುದು, ಬಿತ್ತುವುದು, ನೂಲುವುದು, ಬರೆಯುವುದು, ಬೆಂಕಿ ಹೊತ್ತಿಸುವುದು ಹೀಗೆ. ಜೆಟ್ ಎಂಜಿನ್ ನಡೆಯುವುದೇ ನಿರಂತರ ದಹನದಿಂದ. ಆದ್ದರಿಂದ ಅದನ್ನು ಚಾಲೂ ಮಾಡುವ ಯೆಹೂದ್ಯನ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲ. ಎಡೆಯಿರುವುದು ಒಳಗೆ ಸುಮ್ಮನೆ ಕೂತವನ ವಿಷಯದಲ್ಲಿ. ಇದಕ್ಕೆ ಹಳೆಯ ನಿದರ್ಶನ ಹಡಗು. ಇಟಲಿಯ ಬ್ರಿಂಡಿಸಿ ಕಡೆಯಿಂದ ಹಿಂತಿರುಗುತ್ತಿದ್ದ ನಾಲ್ವರು ಗುರುಗಳ ಹಡಗು ಸಬ್ಬತ್ ದಿನ ಸಮುದ್ರದಲ್ಲಿ ಮುಂದೆ ಸಾಗಿದ ಪ್ರಸಂಗವನ್ನು ಮಿಷ್ನಾ ಹೇಳುತ್ತದೆ. ಸಬ್ಬತ್ತಿನಂದು ತಾನಿರುವ ನೆಲೆಯಿಂದ 2000 ಮೊಳಕ್ಕಿಂತ ಆಚೆ ಹೋಗಬಾರದೆಂಬುದು ನಿಯಮ. ಆ ಗಡಿಯನ್ನು ದಾಟಿದವನಿಗೆ ನಾಲ್ಕು ಮೊಳದಷ್ಟೇ ಜಾಗ. ರಬ್ಬಾನ್ ಗಮಲಿಯೇಲ ಮತ್ತು ಎಲಾಜಾರ್ ಬೆನ್ ಅಜರ್ಯ ಹಡಗಿನ ತುಂಬ ಓಡಾಡಿದರು. ಯೆಹೋಶುವ ಮತ್ತು ಅಕೀವ ನಾಲ್ಕು ಮೊಳದ ಆಚೆ ಹೆಜ್ಜೆಯಿಡಲಿಲ್ಲ. ನಾಲ್ವರೂ ಒಂದೇ ಹಡಗಿನಲ್ಲಿ, ಒಂದೇ ವೇಗದಲ್ಲಿ ಸಾಗುತ್ತಿದ್ದರು. ಚಲಿಸುತ್ತಿರುವುದು ತಾನೋ ಹಡಗೋ ಎಂಬಲ್ಲಿ ಅವರ ನಿಲುವು ಬೇರೆಯಾಯಿತು.

ಆಕಾಶದ ಮಾತೂ ಮಿಷ್ನಾವನ್ನು ವಿವರಿಸುವ ತಾಲ್ಮುದಿನಲ್ಲಿ ಬಂದುಬಿಟ್ಟಿದೆ. ನೆಲದಿಂದ ಹತ್ತು ಅಂಗೈ ಅಗಲದ, ಎಂದರೆ ಸುಮಾರು ಒಂದು ಮೀಟರಿನ, ಎತ್ತರಕ್ಕಿಂತ ಮೇಲೆ ಆ ದೂರದ ಗಡಿ ಅನ್ವಯಿಸುತ್ತದೆಯೆ ಎಂದು ಬಾಬಿಲೋನಿನ ಪಂಡಿತರು ಕೇಳಿದರು. ಅದಕ್ಕೆ ಅವರು ಮುಂದಿಟ್ಟ ಸಾಕ್ಷ್ಯ ಸೊಗಸಾಗಿದೆ: ಒಂದೇ ಸಬ್ಬತ್ತಿನಂದು ಬೆಳಿಗ್ಗೆ ಸೂರಾ ನಗರದಲ್ಲಿ ಕೇಳಿಬಂದ ಏಳು ಉಪದೇಶಗಳು ಸಂಜೆ ದೂರದ ಪುಂಬೆದಿತಾದಲ್ಲೂ ಕೇಳಿಬಂದವು. ಅವನ್ನು ಒಯ್ದವನು ಪ್ರವಾದಿ ಎಲೀಯನಾಗಿದ್ದರೆ ಅವನು ಆಕಾಶದಲ್ಲಿ ಹಾರಿಯೇ ಹೋಗಿರಬೇಕು, ಹಾಗಾದರೆ ಮೇಲೆ ಗಡಿ ಇಲ್ಲವೆಂದಾಯಿತು. ಆದರೆ ಒಯ್ದವನು ಸಬ್ಬತ್ತಿನ ಹಂಗಿಲ್ಲದ ಒಂದು ಭೂತವೂ ಆಗಿದ್ದಿರಬಹುದು. ತಾಲ್ಮುದ್ ಪ್ರಶ್ನೆಯನ್ನು ತೀರ್ಮಾನಿಸದೆ ಅಲ್ಲಿಗೇ ಬಿಟ್ಟಿದೆ. ವಿಮಾನ ಹುಟ್ಟುವುದಕ್ಕೆ ಸಾವಿರದೈನೂರು ವರ್ಷ ಮೊದಲು ಹಾರಾಟದ ಧರ್ಮಸೂಕ್ಷ್ಮವನ್ನು ಇಷ್ಟು ಗಂಭೀರವಾಗಿ ಚಿಂತಿಸಿದ ಪರಂಪರೆಯನ್ನು ಕಂದಾಚಾರವೆಂದು ತಳ್ಳಿಹಾಕುವುದು ಅವಸರದ ತೀರ್ಪಾಗುತ್ತದೆ.

ಆದರೆ ಈ ಚರ್ಚೆಗಳೆಲ್ಲ ಹುಟ್ಟಿದ್ದು ಹಡಗು ಬೇರೆಯವರದಾಗಿದ್ದ ಕಾಲದಲ್ಲಿ. ನಾವಿಕರು ಅನ್ಯರು, ರಾಜ್ಯ ಅನ್ಯರದು, ಬಂದರೂ ಅನ್ಯರದು. ಯೆಹೂದ್ಯ ಪ್ರಯಾಣಿಕ ಮಾತ್ರ. ತಾನು ಏನು ಮಾಡಬಹುದು, ಎಲ್ಲಿ ಸುಮ್ಮನಿರಬೇಕು ಎಂಬಷ್ಟೇ ಅವನ ಚಿಂತೆ. 1948ರಲ್ಲಿ ಇಸ್ರೇಲ್ ರಾಜ್ಯ ಹುಟ್ಟಿದಾಗ ಇದು ಬದಲಾಯಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿದ್ದ ಚೈಮ್ ವೈಜ್‌ಮನ್‌ರನ್ನು ದೇಶದ ಮೊದಲ ಅಧ್ಯಕ್ಷರಾಗಲು ಕರೆತರಬೇಕಿತ್ತು. ವಾಯುಪಡೆಯ ಒಂದು ಸಿ-54 ಸಾಗಣೆ ವಿಮಾನಕ್ಕೆ ಹೊಸ ಬಣ್ಣ ಬಳಿದು, ಎಲ್ ಆಲ್ ಎಂದು ಬರೆದು ಕಳಿಸಿದರು. ನವೆಂಬರ್‌ನಲ್ಲಿ ಸಂಸ್ಥೆ ವಿಧ್ಯುಕ್ತವಾಗಿ ಸ್ಥಾಪನೆಯಾಯಿತು. 1949ರ ಬೇಸಿಗೆಯಲ್ಲಿ ರೋಮ್ ಮತ್ತು ಪ್ಯಾರಿಸ್ ದಾರಿಯಲ್ಲಿ ಕ್ರಮಬದ್ಧ ಸಂಚಾರ ಶುರುವಾಯಿತು. ಹೆಸರು ಬಂದದ್ದು ಹೋಶೇಯ ಪ್ರವಾದಿಯ ಗ್ರಂಥದಿಂದ. ಲಾಕ್‌ಹೀಡ್ ಕಾನ್ಸ್‌ಟಲೇಶನ್, ಬ್ರಿಸ್ಟಲ್ ಬ್ರಿಟಾನಿಯಾ, 1961ರಲ್ಲಿ ಬೋಯಿಂಗ್ 707, 1971ರಲ್ಲಿ 747 ಹೀಗೆ ವಿಮಾನಗಳು ಬದಲಾಗುತ್ತ ಹೋದವು. ನೆರೆಯ ಅರಬ್ ದೇಶಗಳ ಆಕಾಶ ಮುಚ್ಚಿದ್ದರಿಂದ ಮಾರ್ಗಗಳು ಮುಖ್ಯವಾಗಿ ಪಶ್ಚಿಮಕ್ಕೆ ಚಾಚಿದವು. ಮುಂಬಯಿಗೆ ಬರುವ ವಿಮಾನ ಕೆಂಪು ಸಮುದ್ರವನ್ನು ಬಳಸಿ ಬರಬೇಕಾಗಿತ್ತು. 2018ರಲ್ಲಿ ಏರ್ ಇಂಡಿಯಾಕ್ಕೆ ಸೌದಿ ಅರೇಬಿಯಾದ ಮೇಲಿನ ನೇರ ದಾರಿ ಸಿಕ್ಕಾಗಲೂ ಎಲ್ ಆಲ್‌ಗೆ ಆ ದಾರಿ ಮುಚ್ಚಿಯೇ ಇತ್ತು.

ಸ್ವಂತ ವಿಮಾನವೆಂದ ಮೇಲೆ ಪೈಲಟ್ಟೂ ಸ್ವಂತದವನೆ, ಎಂಜಿನಿಯರೂ ಸ್ವಂತದವನೆ. ಒಬ್ಬ ಯೆಹೂದ್ಯ ಸುಮ್ಮನೆ ಕೂತು ಪ್ರಯಾಣ ಮಾಡಬೇಕಾದರೆ ಇನ್ನೊಬ್ಬ ಯೆಹೂದ್ಯ ಆಜ್ಞೆ ಮೀರಬೇಕು. ಈ ಬಿಕ್ಕಟ್ಟನ್ನು ಅತ್ಯಂತ ನಿಷ್ಠುರವಾಗಿ ಮುಂದಿಟ್ಟವರು ಜೆರುಸಲೇಮಿನ ತತ್ತ್ವಜ್ಞಾನಿ ಯೆಶಾಯಾಹು ಲೈಬೊವಿಟ್ಸ್ (1903–1994). ಅವರು ಸ್ವತಃ ಆಚಾರನಿಷ್ಠರು, ವೃತ್ತಿಯಲ್ಲಿ ವಿಜ್ಞಾನಿ. ರಾಜ್ಯದ ಹೊಣೆಯಿಲ್ಲದ ಜನ ಕಟ್ಟಿಕೊಂಡ ಧರ್ಮಶಾಸ್ತ್ರ ರಾಜ್ಯವುಳ್ಳ ಜನಕ್ಕೆ ಇದ್ದ ಹಾಗೆಯೇ ಸಾಲದು ಎಂಬುದು ಅವರ ವಾದ. ವಿದ್ಯುತ್ ಸ್ಥಾವರ, ಪೊಲೀಸ್, ನೌಕಾಯಾನ, ವಿದೇಶಾಂಗ ಕಚೇರಿ ಸಬ್ಬತ್ತಿನಲ್ಲಿ ಹೇಗೆ ನಡೆಯಬೇಕೆಂದು ಹೇಳದೆ, ಶ್ರದ್ಧೆಯಿಲ್ಲದವರು ಅದನ್ನು ನಡೆಸಿಕೊಳ್ಳಲಿ, ತಾವು ಶುದ್ಧರಾಗಿರುತ್ತೇವೆ ಎನ್ನುವುದು ಇನ್ನೊಬ್ಬರ ಪಾಪದ ಮೇಲೆ ತನ್ನ ಪುಣ್ಯ ಬೆಳೆಯುವ ದಾರಿ ಎಂದು ಅವರು ಕಂಡರು. ಅವರು ಕೇಳಿದ್ದು ವಿನಾಯಿತಿಯನ್ನಲ್ಲ, ಹೊಸ ಧರ್ಮನಿರ್ಣಯವನ್ನು. ರಬ್ಬಿಗಳ ಪೀಠಗಳು ಆ ಸವಾಲನ್ನು ಪೂರ್ತಿಯಾಗಿ ಎತ್ತಿಕೊಳ್ಳಲಿಲ್ಲವೆಂಬುದು ನಂತರದ ಇತಿಹಾಸದಿಂದ ಸ್ಪಷ್ಟವಾಗುತ್ತದೆ.

ಧರ್ಮನಿರ್ಣಯದ ಜಾಗವನ್ನು ರಾಜಕೀಯ ಒಪ್ಪಂದ ತುಂಬಿತು. 1947ರ ಜೂನ್‌ನಲ್ಲಿ ಯೆಹೂದ್ಯ ನಾಯಕ ಡೇವಿಡ್ ಬೆನ್ ಗುರಿಯನ್ ಮತ್ತವರ ಸಂಗಡಿಗರು ಸಂಪ್ರದಾಯನಿಷ್ಠರ ಅಗುದಾತ್ ಇಸ್ರೇಲ್ ಸಂಘಟನೆಗೆ ಪತ್ರ ಬರೆದು, ಹುಟ್ಟಲಿರುವ ರಾಜ್ಯದಲ್ಲಿ ಶನಿವಾರವೇ ವಿಶ್ರಾಂತಿಯ ದಿನವೆಂದು ಭರವಸೆ ಕೊಟ್ಟಿದ್ದರು. 1951ರ ಕಾರ್ಮಿಕ ಕಾನೂನು ವಾರದ ವಿಶ್ರಾಂತಿಯನ್ನು ಹಕ್ಕಾಗಿಸಿತು. ವಿಮಾನದಲ್ಲಿ ಧರ್ಮಸಮ್ಮತ ಊಟ, ಸಬ್ಬತ್ತಿನಂದು ಹಾರದಿರುವುದು, ಎರಡೂ ಮೊದಲ ಸಮ್ಮಿಶ್ರ ಸರ್ಕಾರದ ಕಾಲದಿಂದಲೇ ಧಾರ್ಮಿಕ ಪಕ್ಷಗಳ ಬೇಡಿಕೆಗಳಾಗಿದ್ದವು. ಊಟದ ಮಾತು ಸುಲಭವಾಗಿ ನಡೆಯಿತು, ಹಾರಾಟದ ಮಾತು ದಶಕಗಳ ಕಾಲ ಎಳೆದಾಡಿತು. ಸಬ್ಬತ್ತಿಗೂ ವಿಮಾನಕ್ಕೂ ಇರುವ ಸಂಬಂಧ ಎಷ್ಟು ನಾಜೂಕಿನದೆಂದು 1976ರ ಡಿಸೆಂಬರ್ 10ರ ಶುಕ್ರವಾರ ತೋರಿಸಿಕೊಟ್ಟಿತು. ಅಮೆರಿಕದಿಂದ ಬಂದ ಎಫ್-15 ಯುದ್ಧವಿಮಾನಗಳ ಸ್ವಾಗತ ಸಮಾರಂಭ ಸಬ್ಬತ್ತಿನ ಅಂಚಿಗೆ ಹೋಯಿತು. ಬಂದವರು ಹೊತ್ತು ಮುಳುಗುವ ಮೊದಲು ಮನೆ ಸೇರಲಾರದಂತಾಯಿತು. ಅವಿಶ್ವಾಸ ನಿರ್ಣಯ ಬಂತು, ಸರ್ಕಾರದೊಳಗಿನ ಧಾರ್ಮಿಕ ಪಕ್ಷವೇ ಬೆಂಬಲಕ್ಕೆ ನಿಲ್ಲಲಿಲ್ಲ, ಪ್ರಧಾನಿ ಯಿಟ್ಸ್‌ಹಾಕ್ ರಾಬಿನ್ ರಾಜೀನಾಮೆ ಕೊಟ್ಟರು. 1977ರ ಚುನಾವಣೆ ಮೆನಾಖೆಮ್ ಬೆಗಿನ್‌ರನ್ನು ಅಧಿಕಾರಕ್ಕೆ ತಂದಿತು.

1982ರಲ್ಲಿ ಎಲ್ ಆಲ್ ಶನಿವಾರ ಹಾರಕೂಡದೆಂಬ ತೀರ್ಮಾನಕ್ಕೆ ಸಂಸತ್ತಿನ ಸಮ್ಮತಿ ಪಡೆದವರು ಬೆಗಿನ್. ಪರವಾಗಿ 58, ವಿರೋಧವಾಗಿ 54 ಮತಗಳು ಬಿದ್ದವು. ಸಂಸ್ಥೆಯ ನೌಕರರು ಬೀದಿಗಿಳಿದರು. ಆಗಸ್ಟಿನಲ್ಲಿ ಸಂಪ್ರದಾಯಸ್ಥ ಯೆಹೂದ್ಯರು ವಿಮಾನ ನಿಲ್ದಾಣದೊಳಗೆ ಹೋಗದಂತೆ ತಡೆದರು. ಮೊದಲೇ ನಷ್ಟದಲ್ಲಿದ್ದ ಸಂಸ್ಥೆ ಕಾರ್ಮಿಕ ವಿವಾದದಿಂದ ಕೆಲವು ತಿಂಗಳು ಪೂರ್ತಿ ನಿಂತಿತು, 1983ರ ಜನವರಿಯಲ್ಲಿ ಮತ್ತೆ ಹಾರಿತು, 1995ರವರೆಗೂ ನ್ಯಾಯಾಲಯ ನೇಮಿಸಿದ ಆಡಳಿತದ ಕೆಳಗಿತ್ತು. ವಿಶ್ರಾಂತಿಯ ಕಾನೂನನ್ನು ದುಡಿಯುವವರೇ ವಿರೋಧಿಸಿದ ಈ ಘಟನೆ ಗಂಭೀರವಾದದ್ದು. ಧರ್ಮೋಪದೇಶಕಾಂಡದ ಕಾರಣವನ್ನು ಅವರ ಮುಂದೆ ಯಾರೂ ಇಟ್ಟಂತೆ ಕಾಣುವುದಿಲ್ಲ. ಅವರಿಗೆ ಕಂಡದ್ದು ನಾಲ್ಕು ಮತಗಳ ಅಂತರದಲ್ಲಿ ಗೆದ್ದ ಒಂದು ಹೊಂದಾಣಿಕೆ ಮತ್ತು ಅದರಿಂದ ಹೋಗಬಹುದಾದ ತಮ್ಮ ಕೆಲಸ.

ಹಾಗಾದರೆ ನಿಷೇಧಕ್ಕೆ ತಾತ್ತ್ವಿಕ ಸಮರ್ಥನೆ ಇದೆಯೆ? ವಿರೋಧಿಗಳ ವಾದ ಹಗುರವಾದುದಲ್ಲ. ಪವಿತ್ರತೆ ಸಂಕಲ್ಪದಿಂದ ಬರುತ್ತದೆ, ಬಲವಂತದಿಂದ ಅಲ್ಲ. ಹಾರದೆ ನಿಂತ ವಿಮಾನ ಪ್ರಾರ್ಥಿಸುವುದಿಲ್ಲ. ಅದರ ಸಾಲದ ಬಡ್ಡಿ, ಗುತ್ತಿಗೆಯ ಬಾಡಿಗೆ ಶನಿವಾರವೂ ಏರುತ್ತಿರುತ್ತದೆ. ಸಬ್ಬತ್ತನ್ನು ನಂಬದ ನಾಗರಿಕನ ತೆರಿಗೆಯಿಂದಲೂ ಕಟ್ಟಿದ ಸಂಸ್ಥೆಗೆ ಒಂದು ಪಂಗಡದ ವ್ರತವನ್ನು ತೊಡಿಸುವುದು ನ್ಯಾಯವೆ ಎಂಬ ಪ್ರಶ್ನೆಗೆ ಸುಲಭದ ಉತ್ತರವೂ ಇಲ್ಲ.

ಆದರೂ ವಿಶ್ರಾಂತಿಗೆ ಸಂಕಲ್ಪಕ್ಕಿಲ್ಲದ ಒಂದು ಗುಣವಿದೆ. ಪ್ರಾರ್ಥನೆಯನ್ನು ಒಬ್ಬನೇ ಮಾಡಬಹುದು, ವಿಶ್ರಾಂತಿಯನ್ನು ಒಬ್ಬನೇ ಪಡೆಯುವುದು ಕಷ್ಟ. ಕಾರ್ಖಾನೆ ನಡೆಯುತ್ತಿರುವಾಗ ರಜೆ ಕೇಳುವ ಕೆಲಸಗಾರ ತನ್ನ ಪಾಲಿನ ದುಡಿಮೆಯನ್ನು ಜೊತೆಯವನ ಹೆಗಲಿಗೆ ಹೊರಿಸುತ್ತಾನೆ, ಬಡ್ತಿಯ ಸಾಲಿನಲ್ಲಿ ಹಿಂದೆ ಬೀಳುತ್ತಾನೆ. ಎಲ್ಲವೂ ಒಟ್ಟಿಗೆ ನಿಂತಾಗ ಮಾತ್ರ ಅವನ ಬಿಡುವು ನಿಜವಾದ ಬಿಡುವು. ಆಜ್ಞೆಯನ್ನು ಯಜಮಾನನಿಗೆ ಹೇಳಿದ್ದರ ಅರ್ಥ ಇದೇ ಇರಬೇಕು. ವಿಮಾನ ಸಂಸ್ಥೆ ಆಧುನಿಕ ಕಾಲದ ಒಂದು ದೊಡ್ಡ ಮನೆತನವೆಂದು ಒಪ್ಪಿದರೆ, ಸಬ್ಬತ್ ಪಾಲನೆ ಸಂಸ್ಥೆಯ ಭಕ್ತಿಯಾಗಿ ಉಳಿಯುವುದಿಲ್ಲ, ಅದು ಯಜಮಾನಿಕೆಯ ಮೇಲೆ ಹಾಕಿದ ಮಿತಿಯಾಗುತ್ತದೆ. ಯೆಹೂದಿ ತತ್ತ್ವಚಿಂತಕ ಅಬ್ರಹಾಂ ಜೋಶುವಾ ಹೆಶೆಲ್ 1951ರ ತಮ್ಮ ಸಬ್ಬತ್ ಕುರಿತ ಪುಸ್ತಕದಲ್ಲಿ ತಂತ್ರಜ್ಞಾನವನ್ನು ಸ್ಥಳದ ಮೇಲಿನ ವಿಜಯವೆಂದೂ ಸಬ್ಬತ್ತನ್ನು ಕಾಲದ ಪವಿತ್ರೀಕರಣವೆಂದೂ ಕಂಡರು. ದೂರವನ್ನು ಅಳಿಸುವುದಕ್ಕೆಂದೇ ಇರುವ ಉದ್ಯಮ ವಾರಕ್ಕೊಮ್ಮೆ ಆ ಶಕ್ತಿಯನ್ನು ಬದಿಗಿಡುವುದು ಹೆಶೆಲ್‌ರ ವಿಚಾರಕ್ಕೆ ಬೇರೆಲ್ಲಕ್ಕಿಂತ ಹತ್ತಿರದ ಉದಾಹರಣೆ.

ಒಟ್ಟಾಗಿ ನಿಲ್ಲುವುದು ಒಂದು ಜನಾಂಗದ ಗುರುತಾಗುವುದಕ್ಕೆ ಭಾರತದಲ್ಲೇ ಸಾಕ್ಷ್ಯವಿದೆ. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ತೆಗೆದು ಬದುಕುತ್ತಿದ್ದ ಬೆನೆ ಇಸ್ರೇಲ್ ಯೆಹೂದ್ಯರು ಹೊರಗಿನ ಯೆಹೂದಿ ಜಗತ್ತಿನಿಂದ ಬಹುಕಾಲ ದೂರವಾಗಿದ್ದು, ಹೀಬ್ರೂ ವಿದ್ಯೆಯನ್ನು ಹೆಚ್ಚುಕಡಿಮೆ ಮರೆತಿದ್ದರು. ಆದರೆ ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಅದರಿಂದಲೇ ನೆರೆಯವರು ಅವರನ್ನು ಶನಿವಾರ ತೇಲಿ, ಎಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಒಬ್ಬೊಬ್ಬರ ಮನಸ್ಸಿನ ಭಕ್ತಿ ಹೊರಗೆ ಕಾಣುವಂಥದಲ್ಲ. ನಿಂತ ಗಾಣಗಳು ಊರಿಗೇ ಕಾಣುತ್ತಿದ್ದವು.

ಹಾರಾಟದ ವಿಶೇಷ ಕಷ್ಟ ಕಾಲದ್ದು. ಸಬ್ಬತ್ ಸ್ಥಳೀಯ ಸೂರ್ಯಾಸ್ತಕ್ಕೆ ಕಟ್ಟುಬಿದ್ದಿದೆ. ಪಶ್ಚಿಮಕ್ಕೆ ಹಾರುವವನ ಹಗಲು ಹಿಗ್ಗುತ್ತದೆ, ಪೂರ್ವಕ್ಕೆ ಹಾರುವವನ ಹಗಲು ಕುಗ್ಗುತ್ತದೆ. ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ಧರ್ಮಶಾಸ್ತ್ರ ಎಲ್ಲಿ ಎಳೆಯಬೇಕೆಂಬ ಬಗ್ಗೆ ಒಮ್ಮತವೇ ಇಲ್ಲ. 1941ರಲ್ಲಿ ಯುರೋಪಿನಿಂದ ತಪ್ಪಿಸಿಕೊಂಡು ಜಪಾನಿನ ಕೋಬೆ ಸೇರಿದ ನಿರಾಶ್ರಿತ ವಿದ್ಯಾರ್ಥಿಗಳು, ಉಪವಾಸದ ಯೋಮ್ ಕಿಪ್ಪೂರ್ ಯಾವ ದಿನವೆಂದು ಜೆರುಸಲೇಮಿಗೆ ತಂತಿ ಕಳಿಸಿ ಕೇಳಬೇಕಾಯಿತು. ಖಜೋನ್ ಇಶ್ ಎಂದು ಪ್ರಸಿದ್ಧರಾದ ರಬ್ಬಿ ಕರೆಲಿಟ್ಸ್ ರೇಖೆ ಜೆರುಸಲೇಮಿನಿಂದ 90 ಡಿಗ್ರಿ ಪೂರ್ವಕ್ಕಿದೆ ಎಂದರು. ಅವರ ಲೆಕ್ಕದಲ್ಲಿ ಜಪಾನಿಗರ ಭಾನುವಾರವೇ ಅಲ್ಲಿನ ಸಬ್ಬತ್. ಎಲ್ ಆಲ್ 2023ರಿಂದ ಟೋಕಿಯೋಗೆ ಹಾರುತ್ತಿರುವುದರಿಂದ ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ವೇಳಾಪಟ್ಟಿ ಕೈಕೊಟ್ಟಾಗ ಏನಾಗುತ್ತದೆಂದು 2018ರ ನವೆಂಬರ್ ತೋರಿಸಿತು. ನ್ಯೂಯಾರ್ಕಿನಲ್ಲಿ ಹಿಮಪಾತದಿಂದ ಗಂಟೆಗಟ್ಟಲೆ ತಡವಾಗಿ ಹೊರಟ ವಿಮಾನ ಶುಕ್ರವಾರ ಸೂರ್ಯಾಸ್ತದೊಳಗೆ ಟೆಲ್ ಅವೀವ್ ತಲುಪಲಾರದೆ ಅಥೆನ್ಸಿನಲ್ಲಿ ಇಳಿಯಿತು. ಸಬ್ಬತ್ ಪಾಲಿಸುವವರು ಅಲ್ಲೇ ಉಳಿದರು, ಉಳಿದವರು ಇಸ್ರಏರ್ ವಿಮಾನದಲ್ಲಿ ಮನೆ ಸೇರಿದರು. ಒಂದೇ ವಿಮಾನದ ಪ್ರಯಾಣಿಕರು ಮಿಷ್ನಾದ ಆ ನಾಲ್ವರಂತೆ ಎರಡಾದರು.

ಒಂದು ಕಡೆ ಮಾತ್ರ ಶಾಸ್ತ್ರದಲ್ಲಿ ಸಂದೇಹವೇ ಇಲ್ಲ. ಜೀವ ಉಳಿಸಲು ಸಬ್ಬತ್ತನ್ನು ಮೀರಬಹುದು ಎನ್ನುವುದಷ್ಟೇ ಅಲ್ಲ, ಮೀರಲೇಬೇಕು. 1991ರ ಮೇ 24 ಮತ್ತು 25ರಂದು, ಶುಕ್ರವಾರ ಮತ್ತು ಶನಿವಾರ, ಅಂತರ್ಯುದ್ಧದಲ್ಲಿ ಕುಸಿಯುತ್ತಿದ್ದ ಇಥಿಯೋಪಿಯಾದ ಅಡಿಸ್ ಅಬಾಬದಿಂದ ಸುಮಾರು 36 ಗಂಟೆಗಳಲ್ಲಿ 14,000ಕ್ಕೂ ಹೆಚ್ಚು ಯೆಹೂದ್ಯರನ್ನು ಸೊಲೊಮೋನ ಕಾರ್ಯಾಚರಣೆಯಲ್ಲಿ ಕರೆತರಲಾಯಿತು. ಆಸನಗಳನ್ನು ಕಿತ್ತ ಎಲ್ ಆಲ್‌ನ ಒಂದು 747 ಸಾವಿರಕ್ಕೂ ಹೆಚ್ಚು ಜನರನ್ನು ಒಂದೇ ಬಾರಿ ಹೊತ್ತಿತು. ಒಂದು ವಿಮಾನ ಹೊತ್ತ ಅತಿಹೆಚ್ಚು ಪ್ರಯಾಣಿಕರ ದಾಖಲೆ ಅದು. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದಾಗ ಮೀಸಲು ಸೈನಿಕರನ್ನು ವಿದೇಶಗಳಿಂದ ಕರೆತರಲು ರಬ್ಬಿಗಳ ಒಪ್ಪಿಗೆಯೊಂದಿಗೆ ಸಂಸ್ಥೆ ಮತ್ತೆ ಶನಿವಾರ ಹಾರಿತು. ಈ ಎರಡು ಪ್ರಸಂಗಗಳು ಒಂದೇ ತೂಕದವಲ್ಲ. ಮೊದಲನೆಯದರಲ್ಲಿ ಅಪಾಯ ಪ್ರಯಾಣಿಕನ ನೆತ್ತಿಯ ಮೇಲೇ ಇತ್ತು. ಎರಡನೆಯದರಲ್ಲಿ ಒಂದು ರಾಜ್ಯದ ರಕ್ಷಣೆಯನ್ನೇ ಜೀವರಕ್ಷಣೆಯೆಂದು ಓದಲಾಯಿತು. ಲೈಬೊವಿಟ್ಸ್ ಕೇಳಿದ ರಾಜ್ಯದ ಧರ್ಮಶಾಸ್ತ್ರ ಹೀಗೆ ತುರ್ತಿನ ಸಂದರ್ಭಗಳಲ್ಲಿ ತುಂಡುತುಂಡಾಗಿ ರೂಪುಗೊಳ್ಳುತ್ತಿದೆ.

1991 ಮತ್ತು 2023ರ ಆ ಎರಡು ಪ್ರಸಂಗಗಳ ನಡುವೆ ಸಂಸ್ಥೆಯ ಒಡೆತನ ಬದಲಾಯಿತು. 2003ರಿಂದ ಷೇರುಗಳು ಮಾರುಕಟ್ಟೆಗೆ ಬಂದವು, 2005ರ ಹೊತ್ತಿಗೆ ಹಿಡಿತ ಖಾಸಗಿಯವರ ಕೈ ಸೇರಿತು. 2006ರ ಕೊನೆಯಲ್ಲಿ ಸಾರ್ವತ್ರಿಕ ಮುಷ್ಕರದಿಂದ ಸಿಕ್ಕಿಬಿದ್ದ ಪ್ರಯಾಣಿಕರನ್ನು ಸಾಗಿಸಲು ಎಲ್ ಆಲ್ ಸಬ್ಬತ್ತಿನಲ್ಲೂ ಹಾರಿತು. ಕೂಡಲೇ ಸಂಪ್ರದಾಯನಿಷ್ಠ ರಬ್ಬಿಗಳು ಬಹಿಷ್ಕಾರಕ್ಕೆ ಕರೆಕೊಟ್ಟರು. ವಾರಗಳೊಳಗೆ ಸಂಸ್ಥೆ ಸಬ್ಬತ್ ಪಾಲನೆಗೆ ಒಪ್ಪಿ ಒಪ್ಪಂದ ಮಾಡಿಕೊಂಡಿತು. ಸಂಸತ್ತಿನಲ್ಲಿ ನಾಲ್ಕು ಮತಗಳಿಂದ ಗೆದ್ದದ್ದನ್ನು ಈಗ ಟಿಕೆಟ್ ಕೊಳ್ಳುವವರು ಗೆದ್ದರು. ಇದರಲ್ಲಿ ಬಲವಂತ ಕಡಿಮೆಯಾಯಿತೆಂದು ಸಂತೋಷಪಡಬಹುದು. ಆದರೆ ನಷ್ಟವೂ ಆಗಿದೆ: ದಾಸನಿಗೂ ಪರದೇಶಿಗೂ ಬಿಡುವು ಕೊಡಲು ಬಂದ ಆಜ್ಞೆ ಗ್ರಾಹಕರ ಅಪೇಕ್ಷೆಯಾಗಿ ಮಾರ್ಪಟ್ಟಿತು, ವಿಮಾನದಲ್ಲಿ ದುಡಿಯುವವನ ಮಾತು ಈ ಬಾರಿಯೂ ಕೇಳಿಬರಲಿಲ್ಲ. 2020ರಲ್ಲಿ ಸಂಸ್ಥೆಯ ನಿಯಂತ್ರಣ ಸಬ್ಬತ್ ಪಾಲಿಸುವ ಕುಟುಂಬವೊಂದಕ್ಕೆ ಹೋಯಿತು. ಆಜ್ಞೆಯಲ್ಲಿ ಹೇಳಿದ ಯಜಮಾನ ಒಂದು ಅರ್ಥದಲ್ಲಿ ಮತ್ತೆ ಕಾಣಿಸಿಕೊಂಡಿದ್ದಾನೆ.

ಶನಿವಾರದ ನಿಯಮಕ್ಕೆ ತೆರುವ ಬೆಲೆಯೆಲ್ಲ ಉಳಿದವರು ಹಾರುತ್ತಿರುವುದರಿಂದ ಬರುವಂಥದು. ಆ ದಿನದ ಪ್ರಯಾಣಿಕ ಪಕ್ಕದ ಸಂಸ್ಥೆಗೆ ಹೋಗುತ್ತಾನೆ, ಲಾಭವೂ ಅವನ ಹಿಂದೆ ಹೋಗುತ್ತದೆ. ವರ್ಷಕ್ಕೊಮ್ಮೆ, ಯೋಮ್ ಕಿಪ್ಪೂರ್ ದಿನ, ಇಸ್ರೇಲಿನ ಆಕಾಶವನ್ನೇ ಮುಚ್ಚಲಾಗುತ್ತದೆ. ಬೆನ್ ಗುರಿಯನ್ ನಿಲ್ದಾಣದಲ್ಲಿ ಎಲ್ ಆಲ್ ಇಲ್ಲ, ಅರ್ಕಿಯಾ ಇಲ್ಲ, ವಿದೇಶಿ ವಿಮಾನವೂ ಇಲ್ಲ. ಅಂದು ಒಂದು ಸಂಸ್ಥೆ ವ್ರತ ಹಿಡಿಯಬಹುದೆ ಎಂದು ಯಾರೂ ಕೇಳುವುದಿಲ್ಲ, ನಷ್ಟದ ಲೆಕ್ಕವನ್ನು ಯಾರೂ ಮುಂದಿಡುವುದಿಲ್ಲ, ಹೆಚ್ಚಿನ ಶ್ರದ್ಧೆಯಿಲ್ಲದ ನಾಗರಿಕರೂ ಅದನ್ನು ದೊಡ್ಡ ಹೊರೆಯೆಂದು ದೂರುವುದು ಅಪರೂಪ.